ಅಂಗಾಲು ಉರಿಯನ್ನು ಕಡೆಗಣಿಸಬೇಡಿ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಹೋಟೆಲು ನಡೆಸುವ ನಮ್ಮದು ನಿಂತು ಮಾಡುವ ಉದ್ಯಮ. ಬೆಳಿಗ್ಗೆ ಕಾವಲಿ ಬಿಸಿಯಾದಲ್ಲಿಂದ ರಾತ್ರಿ ಗಲ್ಲಾ ಮುಚ್ಚುವ ತನಕ ಕಾಲಿಗೆ ವಿಶ್ರಾಂತಿಯಿಲ್ಲ. ಆದ್ದರಿಂದ ಕಾಲು ನೋವೆಂದರೆ ‘ನಿಂತು ನಿಂತು ಬಂದದ್ದು’ ಎಂದು ಬಿಟ್ಟುಬಿಡುತ್ತೇವೆ. ನಿಂತ ಆಯಾಸ ಮಲಗಿದರೆ ಇಳಿಯುತ್ತದೆ. ನರದ ನೋವು ಸಾಮಾನ್ಯವಾಗಿ ರಾತ್ರಿಯೇ ಹೆಚ್ಚು. ಉರಿ, ಜೋಮು, ಸೂಜಿ ಚುಚ್ಚಿದ ಅನುಭವ ಕಾಲ್ಬೆರಳಿನಿಂದ ಆರಂಭವಾಗಿ ನಿಧಾನವಾಗಿ ಮೇಲೇರುತ್ತದೆ.

ಕಾರಣಗಳು

ಮೊದಲನೆಯದು ಸಕ್ಕರೆ ಕಾಯಿಲೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಇದು ಇದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳು ಕೆಡುತ್ತವೆ. ಪಾದಕ್ಕೆ ಹೋಗುವ ನರಗಳೇ ಅತಿ ಉದ್ದವಾದ್ದರಿಂದ ತೊಂದರೆ ಮೊದಲು ಕಾಣುವುದು ಅಲ್ಲೇ.

ಎರಡನೆಯದು ವಿಟಮಿನ್ ಬಿ-12 ಕೊರತೆ. ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸಿದವರಲ್ಲಿ ಇದು ಹೆಚ್ಚು. ಹಾಲು, ಮೊಸರಿನಲ್ಲಿ ಬಿ-12 ಇದೆ. ಹುಳಿ ಬಂದ ದೋಸೆ ಹಿಟ್ಟನ್ನು ಇದಕ್ಕಾಗಿ ನಂಬುವಂತಿಲ್ಲ. ಅತಿಯಾದ ಮದ್ಯಪಾನವೂ ನರಗಳನ್ನು ಕೆಡಿಸುತ್ತದೆ. ಒಂದೇ ಕಾಲಿನಲ್ಲಿ ನೋವಿದ್ದರೆ ಸೊಂಟದಲ್ಲಿ ನರ ಒತ್ತಿರಬಹುದು.

ಚಿಕಿತ್ಸೆ

ಮೊದಲು ಸಕ್ಕರೆ (ಎಚ್‌ಬಿಎ1ಸಿ) ಮತ್ತು ಬಿ-12 ರಕ್ತಪರೀಕ್ಷೆ ಮಾಡಿಸಬೇಕು. ಬಿ-12 ಕೊರತೆಯನ್ನು ಬೇಗ ಗುರುತಿಸಿದರೆ ಇಂಜೆಕ್ಷನ್ ಅಥವಾ ಮಾತ್ರೆಯಿಂದ ಗುಣ ಕಾಣಬಹುದು. ಸಕ್ಕರೆಯಿಂದ ಕೆಟ್ಟ ನರ ಪೂರ್ತಿ ಸರಿಹೋಗುವುದು ಕಷ್ಟ. ಸಕ್ಕರೆ ಹಿಡಿತದಲ್ಲಿದ್ದರೆ ಹಾನಿ ಮುಂದುವರಿಯುವುದು ನಿಧಾನವಾಗುತ್ತದೆ. ಮೆಡಿಕಲ್ ಸ್ಟೋರಿನ ಮಾಮೂಲಿ ನೋವಿನ ಮಾತ್ರೆ ಇಲ್ಲಿ ಅಷ್ಟಾಗಿ ಕೆಲಸ ಮಾಡದು, ಮೂತ್ರಪಿಂಡಕ್ಕೂ ಕೆಡುಕು. ಪ್ರಿಗಾಬಲಿನ್, ಡುಲಾಕ್ಸೆಟಿನ್‌ನಂತಹ ಔಷಧಿಗಳನ್ನು ವೈದ್ಯರೇ ಬರೆದುಕೊಡಬೇಕು.

ನೋವಿಗಿಂತ ದೊಡ್ಡ ಅಪಾಯ

ಉರಿ ನಿಂತು ಪಾದ ಮರಗಟ್ಟಿದರೆ ಗುಣವಾಯಿತೆಂದು ತಿಳಿಯಬೇಡಿ. ಸಿಡಿದ ಎಣ್ಣೆ, ಒಡೆದ ಗಾಜಿನ ಚೂರು, ಗುಜರಾತಿನ ಮೇ ತಿಂಗಳ ಕಾದ ರಸ್ತೆ ಯಾವುದೂ ಆಗ ಗೊತ್ತಾಗುವುದಿಲ್ಲ. ಕಾಣದ ಗಾಯ ಕೊಳೆತು ಬೆರಳನ್ನೋ ಪಾದವನ್ನೋ ಕತ್ತರಿಸುವ ಸ್ಥಿತಿ ಬರಬಹುದು. ಆದ್ದರಿಂದ:

• ದಿನವೂ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ.
• ಬಿಸಿನೀರಿನ ಶಾಖ ಬೇಡ.
• ಅಡುಗೆಮನೆಯಲ್ಲಿ ಬರಿಗಾಲು ಬೇಡ, ಮುಚ್ಚಿದ ಪಾದರಕ್ಷೆ ಇರಲಿ.
• ಗಾಯ ಕಂಡರೆ ಅಂದೇ ವೈದ್ಯರಿಗೆ ತೋರಿಸಿ.

ಭಟ್ಟಿಯ ಮುಂದೆ ನಿಲ್ಲುವ ನಮ್ಮ ಹುಡುಗರಿಗೂ ಇದೇ ಕಾಳಜಿ ಬೇಕು. ಖಾಸಗಿ ವೈದ್ಯರ ಖರ್ಚು ಹೆಚ್ಚೆನಿಸಿದರೆ ಅಹಮದಾಬಾದಿನ ಅಸಾರ್ವಾ ಸಿವಿಲ್, ವಡೋದರಾದ ಎಸ್‌ಎಸ್‌ಜಿ, ಸೂರತ್ತಿನ ನ್ಯೂ ಸಿವಿಲ್ ಸರಕಾರಿ ಆಸ್ಪತ್ರೆಗಳಿವೆ. ವರ್ಷಕ್ಕೊಮ್ಮೆ ಅರ್ಧ ದಿನ ರಜೆ ಕೊಟ್ಟು ಅವರನ್ನು ಪರೀಕ್ಷೆಗೆ ಕಳುಹಿಸೋಣ, ನಾವೂ ಹೋಗೋಣ.