ಮೊದಲ ಬೇಸ್ ಆಂಪ್ಲಿಫೈಯರ್ ಕೊಳ್ಳುವ ಮುನ್ನ

ಕಪಿಲೆಯ ದಡದ ಈ ಸೀಮೆಯಲ್ಲಿ ಹಾಡಿಗೆ ಬಡತನವಿಲ್ಲ. ಸುತ್ತೂರು ಜಾತ್ರೆಯ ಭಜನಾ ಮೇಳದಲ್ಲಿ ತಂಡದ ಹಿಂದೆ ತಂಡ ವೇದಿಕೆಯೇರುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಚದುರಿಕೊಂಡಿರುವ ನಮ್ಮ ಕುಟುಂಬಗಳ ಮಕ್ಕಳೂ ಹಾಡುತ್ತಲೇ ಬೆಳೆಯುತ್ತಾರೆ. ಒಬ್ಬ ಕೀಬೋರ್ಡ್ ಕಲಿಯುತ್ತಾನೆ, ಇನ್ನೊಬ್ಬಳು ಗಿಟಾರ್ ಹಿಡಿಯುತ್ತಾಳೆ, ಮತ್ತೊಬ್ಬನಿಗೆ ನಾಲ್ಕು ತಂತಿಯ ಬೇಸ್ ಗಿಟಾರಿನ ಮೇಲೆ ಮನಸ್ಸಾಗುತ್ತದೆ. ಮನೆಯವರು ಹೇಗೋ ಹಣ ಹೊಂದಿಸಿ ವಾದ್ಯ ಕೊಡಿಸುತ್ತಾರೆ. ಆ ವಾದ್ಯಕ್ಕೆ ತನ್ನದೇ ದನಿಯಿಲ್ಲವೆಂಬುದು ತಿಳಿಯುವುದು ಆಮೇಲೆ. ಅದಕ್ಕೊಂದು ಆಂಪ್ಲಿಫೈಯರ್ ಬೇಕು. ಅದರ ಬೆಲೆ ಕೆಲವೊಮ್ಮೆ ವಾದ್ಯದ ಬೆಲೆಯನ್ನೂ ಮೀರುತ್ತದೆ.

ನಮ್ಮ ಗಾನವೃಂದವು ಈ ಪಾಠವನ್ನು ಕಲಿತದ್ದು ಒಂದು ಮದುವೆಯ ಆರತಕ್ಷತೆಯಲ್ಲಿ. ನಮ್ಮಲ್ಲಿದ್ದುದು ಪರಿಚಯದ ಮನೆಯೊಂದರಿಂದ ಎರವಲು ತಂದ ಸಾಧಾರಣ ಗಿಟಾರ್ ಆಂಪ್ಲಿಫೈಯರ್. ಬೇಸನ್ನು ಅದಕ್ಕೇ ಜೋಡಿಸಿದೆವು. ಕೇಳಿಸದಾದಾಗ ಗುಂಡಿಯನ್ನು ಇನ್ನಷ್ಟು ತಿರುಗಿಸಿದೆವು. ಮೂರನೆಯ ಹಾಡಿನ ಹೊತ್ತಿಗೆ ಕಾಗದ ಹರಿದಂತಹ ಪರಪರ ಸದ್ದು ಬಂದಿತು, ಸ್ಪೀಕರಿನ ಪೊರೆ ಬಿರಿದಿತ್ತು. ಹೊಸ ಸ್ಪೀಕರ್ ಹಾಕಿಸಿ ಕೊಡಲು ಆ ಸಂಜೆಯ ಸಂಭಾವನೆಯೂ ಸಾಲಲಿಲ್ಲ. ತಪ್ಪು ಸಂಪೂರ್ಣವಾಗಿ ನಮ್ಮದೇ ಆಗಿತ್ತು.

ಕಾರಣ ಸರಳವಾದುದು. ಗಿಟಾರಿನ ಅತ್ಯಂತ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸಿದರೆ, ಬೇಸಿನ ತಗ್ಗಿನ ತಂತಿ ಅದರ ಅರ್ಧದಷ್ಟು, ಅಂದರೆ 41 ಬಾರಿ ಕಂಪಿಸುತ್ತದೆ. ಕಂಪನ ನಿಧಾನವಾದಷ್ಟೂ ಅದೇ ಮಟ್ಟದ ಸದ್ದಿಗೆ ಸ್ಪೀಕರಿನ ಪೊರೆ ಹೆಚ್ಚು ದೂರ ಹಿಂದೆಮುಂದೆ ಚಲಿಸಬೇಕು. ಗಿಟಾರಿನ ಸ್ಪೀಕರಿಗೆ ಆ ತ್ರಾಣವಿಲ್ಲ. ಇದರ ಮೇಲೆ ನಮ್ಮ ಕಿವಿಯೂ ತಗ್ಗಿನ ಸ್ವರಗಳಿಗೆ ಮಂದ. ಆದುದರಿಂದಲೇ 20 ವಾಟಿನ ಗಿಟಾರ್ ಪೆಟ್ಟಿಗೆ ಸಭಾಂಗಣವನ್ನು ತುಂಬುವಲ್ಲಿ ಬೇಸಿಗೆ ಅದರ ಹಲವು ಪಟ್ಟು ಶಕ್ತಿ ಬೇಕಾಗುತ್ತದೆ.

‘ಮೈಕ್ ಸೆಟ್ಟಿಗೇ ಜೋಡಿಸಿಬಿಟ್ಟರಾಯಿತಲ್ಲ’ ಎನ್ನುವ ಹಿರಿಯರಿದ್ದಾರೆ. ಪೇಟೆಯ ದೊಡ್ಡ ಸಭಾಭವನಗಳಲ್ಲಿ, ಆಳೆತ್ತರದ ಬೇಸ್ ಪೆಟ್ಟಿಗೆಗಳಿರುವೆಡೆ, ಅವರ ಮಾತು ನಿಜ. ನಮ್ಮ ಹಳ್ಳಿಗಳ ಸಣ್ಣ ಸಮಾರಂಭಗಳಿಗೆ ಬರುವ ಮೈಕ್ ಸೆಟ್ಟಿನಲ್ಲಿ ಇಂದಿಗೂ ಹಲವೆಡೆ ಇರುವುದು ಕಂಬಕ್ಕೆ ಕಟ್ಟುವ ತುತ್ತೂರಿ ಸ್ಪೀಕರುಗಳು, ಇಲ್ಲವೇ ನಿಲುವಿನ ಪೆಟ್ಟಿಗೆಗಳು. ಮಾತನ್ನು ದೂರದವರೆಗೆ ಒಯ್ಯುವುದಕ್ಕಾಗಿಯೇ ಮಾಡಿದ ತುತ್ತೂರಿಯಲ್ಲಿ ಬೇಸಿನ ತಗ್ಗಿನ ಸ್ವರ ಹೊರಬರುವುದೇ ಇಲ್ಲ. ಹುಡುಗ ಇಡೀ ಸಂಜೆ ಬೆರಳು ನೋಯುವಂತೆ ನುಡಿಸಿದರೂ ಸಭಿಕರಿಗೆ ಕೇಳುವುದು ತಂತಿಯ ಟಕಟಕ ಮಾತ್ರ. ಹೀಗಾಗಿ ನಮ್ಮ ಪ್ರದೇಶದಲ್ಲಿ ಮೊದಲ ಆಂಪ್ಲಿಫೈಯರನ್ನು ಆರಿಸುವಾಗ, ಅದು ಯಾರ ನೆರವೂ ಇಲ್ಲದೆ ಸಭಾಂಗಣವನ್ನು ಮುಟ್ಟಬಲ್ಲದೇ ಎಂಬುದನ್ನೇ ಮೊದಲು ನೋಡಬೇಕು. ಮಿಕ್ಕ ಸೌಕರ್ಯಗಳೆಲ್ಲ ಅನಂತರದವು.

ಹಾಗಾದರೆ ಎಷ್ಟು ವಾಟ್? ‘1000 ವಾಟ್ಸ್ ಪಿಎಂಪಿಒ’ ಎಂದು ಬರೆದಿದ್ದ ಹಳೆಯ ಟೇಪ್ ರೆಕಾರ್ಡರುಗಳನ್ನು ನಮ್ಮ ವಾಚಕರಲ್ಲಿ ಅನೇಕರು ಮರೆತಿರಲಾರರು. ಆ ಅಂಕಿಗೂ ನಿಜವಾದ ಶಕ್ತಿಗೂ ಸಂಬಂಧವಿರಲಿಲ್ಲ. ನೋಡಬೇಕಾದುದು ‘ಆರ್‌ಎಂಎಸ್’ ಎಂದು ನಮೂದಿಸಿದ, ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು. 50 ವಾಟಿನ ಬದಲು 100 ವಾಟ್ ಕೊಂಡರೆ ಸದ್ದು ಇಮ್ಮಡಿಯಾಗುವುದೂ ಇಲ್ಲ. ಹೆಚ್ಚಳ ಕೇವಲ 3 ಡೆಸಿಬೆಲ್. ಕಿವಿಗೆ ಇಮ್ಮಡಿಯಾಗಿ ಕೇಳಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಆ 100 ವಾಟಿನ ಲಾಭವೆಂದರೆ ಪೆಟ್ಟಿಗೆ ಏದುಸಿರು ಬಿಡದೆ, ಸ್ವರ ಒಡೆಯದೆ ನುಡಿಯುವುದು.

ತಬಲ, ಡೋಲಕ್, ಕೀಬೋರ್ಡುಗಳೊಂದಿಗೆ ಐವತ್ತು ಜನರ ಮುಂದೆ ನುಡಿಸುವುದಾದರೆ 40ರಿಂದ 50 ವಾಟ್, 10 ಅಂಗುಲದ ಸ್ಪೀಕರ್ ಸಾಕು. ಸಮುದಾಯ ಭವನದ ಆರತಕ್ಷತೆ, ಪ್ರಥಮ ಪರಮಪ್ರಸಾದದ ಔತಣ, ಹಬ್ಬದ ಸಂಜೆಯ ಕಾರ್ಯಕ್ರಮ ಇಂಥವುಗಳಿಗೆ 100 ವಾಟ್, 12 ಅಂಗುಲವೆಂಬುದು ನಮ್ಮ ಅಭಿಪ್ರಾಯ. ಪೂರ್ಣ ಡ್ರಂ ಸೆಟ್ ಜೊತೆಗಿದ್ದರೆ ಅದೂ ಬಿಗಿಯಾದೀತು, 200 ವಾಟಿನ ಕಡೆಗೆ ನೋಡಬೇಕು. 15 ಅಂಗುಲದ್ದು ಗಂಭೀರವಾಗಿ ನುಡಿಯುತ್ತದೆ ನಿಜ, ಆದರೆ ಬಸ್ಸಿನಲ್ಲಿ ಹೋಗುವ ಹುಡುಗನಿಗೆ ಅದು ಹೊರೆ. ಆಂಪ್ಲಿಫೈಯರೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವ ‘ಕಾಂಬೋ’ ಮೊದಲ ಖರೀದಿಗೆ ಅನುಕೂಲ. ‘ಕ್ಲಾಸ್ ಡಿ’ ಎಂಬ ಹಗುರವಾದ ಮಂಡಲಗಳು ಬಂದ ಮೇಲೆ 100 ವಾಟಿನ ಕೆಲವು ಪೆಟ್ಟಿಗೆಗಳು 10 ಕಿಲೋಗ್ರಾಂ ಆಸುಪಾಸಿಗೆ ಇಳಿದಿವೆ. ಒಂದು ಕೈಯಲ್ಲಿ ಎತ್ತಿಕೊಂಡು ಬಸ್ ಹತ್ತಬಹುದು.

ಬೇಸಿಗೆ ಸರಿಹೊಂದುವ ಪೆಟ್ಟಿಗೆಯನ್ನು ಮಾಡುವುದು ಅದನ್ನು ಮೊದಲು ಮಾಡಿದವರಿಗೂ ಸುಲಭವಾಗಿರಲಿಲ್ಲ. ಅಮೆರಿಕೆಯ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದು, ಮರುವರ್ಷವೇ ಅದಕ್ಕಾಗಿ ‘ಬೇಸ್‌ಮನ್’ ಆಂಪ್ಲಿಫೈಯರನ್ನು ಹೊರತಂದರು. ಮೊದಲ ಬೇಸ್‌ಮನ್‌ನಲ್ಲಿ 15 ಅಂಗುಲದ ಒಂದೇ ಸ್ಪೀಕರ್ ಇದ್ದು, ಶಕ್ತಿ ಸುಮಾರು 26 ವಾಟ್. ಮುಂದೆ 10 ಅಂಗುಲದ ನಾಲ್ಕು ಸ್ಪೀಕರುಗಳೊಂದಿಗೆ ಬಂದ ಅದರ ರೂಪವನ್ನು ಬೇಸ್ ನುಡಿಸುವವರಿಗಿಂತ ಗಿಟಾರ್ ನುಡಿಸುವವರೇ ಹೆಚ್ಚು ಮೆಚ್ಚಿದರು. ಇಂಗ್ಲೆಂಡಿನ ಜಿಮ್ ಮಾರ್ಷಲ್ ತಮ್ಮ ಮೊದಲ ಗಿಟಾರ್ ಆಂಪ್ಲಿಫೈಯರಿಗೆ ಮಾದರಿಯಾಗಿ ಹಿಡಿದದ್ದೂ ಅದನ್ನೇ. ಹಣೆಪಟ್ಟಿ ಒಂದು ಹೇಳಿದರೆ ಪೆಟ್ಟಿಗೆ ಇನ್ನೊಂದಕ್ಕೆ ಒದಗಿತು!

ಆದುದರಿಂದ ಕೊಳ್ಳಲು ಹೋಗುವಾಗ ನಿಮ್ಮ ವಾದ್ಯವನ್ನೇ ಒಯ್ಯಿರಿ, ಅಂಗಡಿಯವರ ಬೆಲೆಬಾಳುವ ಬೇಸಿನಲ್ಲಿ ಪರೀಕ್ಷಿಸಬೇಡಿ. ತಗ್ಗಿನ ತಂತಿಯನ್ನು ಬಿಟ್ಟು ನುಡಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ಕೇಳಿಸಿಕೊಳ್ಳಿ. ಬಳಸಿದ ಪೆಟ್ಟಿಗೆಯಾದರೆ ಗುಂಡಿಗಳನ್ನು ನಿಧಾನವಾಗಿ ತಿರುಗಿಸಿ ಗರಗರ ಬರುವುದೇ ನೋಡಿ, ಏನೂ ನುಡಿಸದೆ ಸದ್ದು ಏರಿಸಿ ಗುಂಯ್‌ಗುಡುವಿಕೆ ಎಷ್ಟೆಂದು ಅಳೆಯಿರಿ. ಮಿಕ್ಸರಿಗೆ ಕೊಡುವ ಪ್ರತ್ಯೇಕ ಹೊರದಾರಿ, ಅಂದರೆ ‘ಡಿಐ’, ಇದ್ದರೆ ಒಳ್ಳೆಯದು. ಮುಂದೊಂದು ದಿನ ಮೈಸೂರಿನ ದೊಡ್ಡ ವೇದಿಕೆ ಸಿಕ್ಕಾಗ ಉಪಯೋಗಕ್ಕೆ ಬರುತ್ತದೆ. ಸ್ಪೀಕರಿಗೆ ಹೋಗುವ ದಾರಿಯನ್ನು ಮಾತ್ರ ಎಂದಿಗೂ ಮಿಕ್ಸರಿಗೆ ಜೋಡಿಸಬಾರದು.

ವಿದೇಶದಲ್ಲಿರುವ ಬಂಧುಗಳು ಪ್ರೀತಿಯಿಂದ ಪೆಟ್ಟಿಗೆ ತಂದುಕೊಡುವುದುಂಟು. ಅಮೆರಿಕೆಯ ವಿದ್ಯುತ್ತು 120 ವೋಲ್ಟ್, ನಮ್ಮದು 230. ಹಿಂಬದಿಯ ಫಲಕವನ್ನು ಓದದೆ ಚುಚ್ಚಿದರೆ ಉಡುಗೊರೆ ಸುಟ್ಟುಹೋಗುತ್ತದೆ.

ವಿದ್ಯುತ್ತಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ತಂದೆತಾಯಿಯರಿಗೆ ಒತ್ತಿ ಹೇಳಬೇಕಾಗಿದೆ. ಶಾಮಿಯಾನದ ತಾತ್ಕಾಲಿಕ ವೈರಿಂಗಿನಲ್ಲಿ ‘ಅರ್ಥ್’ ಇಲ್ಲದಿರುವುದು ಸಾಮಾನ್ಯ. ಮೂರು ಪಿನ್ನಿನ ಪ್ಲಗ್ಗಿನಿಂದ ದಪ್ಪ ಪಿನ್ನನ್ನು ಕಿತ್ತು ಎರಡು ತೂತಿನ ಸಾಕೆಟ್ಟಿಗೆ ತುರುಕುವವರನ್ನೂ ನಾವು ಕಂಡಿದ್ದೇವೆ. ಬೇಸಿನ ತಂತಿಗಳು ಆಂಪ್ಲಿಫೈಯರಿನ ಲೋಹಭಾಗದೊಂದಿಗೆ ಸಂಪರ್ಕದಲ್ಲಿರುತ್ತವೆ. ಒಂದು ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಗುಲಿದರೆ, ದೋಷಪೂರಿತ ಜೋಡಣೆಯಲ್ಲಿ ಆ ವಿದ್ಯುತ್ತು ಹಾಯುವುದು ಮಗುವಿನ ದೇಹದ ಮೂಲಕ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ, ಅರ್ಥ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಅಸುನೀಗಿದರು. ಕಾರ್ಯಕ್ರಮಕ್ಕೆ ಮುನ್ನ ಎಲೆಕ್ಟ್ರಿಷಿಯನ್ನರಿಂದ ಸಾಕೆಟ್ಟನ್ನು ಪರೀಕ್ಷಿಸಿಸುವುದಕ್ಕೆ ಐದು ನಿಮಿಷ ಸಾಕು. ಅರ್ಥ್ ಇಲ್ಲವೆಂದಾದರೆ ಆ ದಿನ ಬೇಸ್ ಬೇಡ.

ಪೆಟ್ಟಿಗೆ ಬಂದ ಮೇಲೆ ನಾವು ಎದುರಿಸಿದ ಮೊದಲ ತೊಡಕು ಬೇರೆಯೇ. ಕೀಬೋರ್ಡಿನಲ್ಲಿ ತಾನಾಗಿ ನುಡಿಯುವ ತಾಳದ ಜೊತೆಗೆ ಅದರದೇ ಬೇಸ್ ಇರುತ್ತದೆ. ಎರಡು ಬೇಸುಗಳು ಸೇರಿ ಸ್ವರ ಕೆಸರಾಯಿತು; ಎಲ್ಲರೂ ಹೊಸ ಆಂಪ್ಲಿಫೈಯರನ್ನೇ ಶಂಕಿಸಿದರು. ಕೀಬೋರ್ಡಿನ ಬೇಸನ್ನು ಆರಿಸಿ, ಎಡಗೈಯನ್ನು ಮೇಲಿನ ಸ್ವರಗಳಿಗೆ ಸರಿಸಿದೊಡನೆ ಎಲ್ಲವೂ ತಿಳಿಯಾಯಿತು. ಗೋಡೆಯ ಮೂಲೆಗಿಟ್ಟಿದ್ದ ಪೆಟ್ಟಿಗೆಯನ್ನು ಹೊರಕ್ಕೆಳೆದು ಕುರ್ಚಿಯ ಮೇಲಿರಿಸಿದಾಗ ಭವನದ ತಗಡಿನ ಚಾವಣಿ ಅದುರುವುದೂ ತಗ್ಗಿತು.

ದೇವಾಲಯದೊಳಗೆ ಇನ್ನೂ ಎಚ್ಚರ ಬೇಕು. 1963ರ ವ್ಯಾಟಿಕನ್ ಮಹಾಸಭೆಯ ಆರಾಧನಾವಿಧಿಯ ದಾಖಲೆ ಪೈಪ್ ಆರ್ಗನ್ನಿಗೆ ಹಿರಿಮೆ ಕೊಟ್ಟಿದ್ದರೂ, ಅಧಿಕಾರಿಗಳ ಸಮ್ಮತಿಯಿದ್ದು ಆರಾಧನೆಗೆ ಒಪ್ಪುವಂತಿದ್ದರೆ ಇತರ ವಾದ್ಯಗಳಿಗೂ ಎಡೆಯಿತ್ತಿದೆ. ಮೊದಲು ಧರ್ಮಗುರುಗಳನ್ನು ಕೇಳುವುದು ಲೇಸು. ಕಲ್ಲು, ಹೆಂಚು, ಎತ್ತರದ ಚಾವಣಿಗಳ ನಡುವೆ ತಗ್ಗಿನ ಸ್ವರ ಬೇಗ ಅಡಗುವುದಿಲ್ಲ. ‘ಬೇಸ್’ ಗುಂಡಿಯನ್ನು ಇಳಿಸಿ ‘ಮಿಡ್’ ಗುಂಡಿಯನ್ನು ಕೊಂಚ ಏರಿಸಿದರೆ ಹಾಡಿನ ಪದಗಳು ಉಳಿಯುತ್ತವೆ. ಹೊರಗಿನ ಸಂಜೆಗಳಿಗೆ 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರ ಗಡಿಯಿದೆ. ತಗ್ಗಿನ ಸ್ವರ ಗೋಡೆ ದಾಟಿ ನೆರೆಮನೆಯ ಮಂಚವನ್ನೂ ತಟ್ಟುತ್ತದೆ.

ನಾವು ಕಡೆಗೆ ಕೊಂಡದ್ದು ಮೈಸೂರಿನ ಕಾಲೇಜು ವಿದ್ಯಾರ್ಥಿಯೊಬ್ಬ ಬಳಸಿ ಬಿಟ್ಟ 100 ವಾಟಿನ, 12 ಅಂಗುಲದ ಕಾಂಬೋ. ಒಂದು ಮೂಲೆ ಜಜ್ಜಿದೆ, ದನಿಗೆ ಊನವಿಲ್ಲ. ಇಲಿ, ಇರುವೆಗಳ ಭಯಕ್ಕೆ ನೆಲದ ಮೇಲಿಡದೆ ಬೆಂಚಿನ ಮೇಲಿಡುತ್ತೇವೆ. ಬೇಸ್ ನುಡಿಸುವ ಹುಡುಗನ ತಾಯಿ ಹಳೆಯ ಜಮಖಾನದಿಂದ ಹೊದಿಕೆ ಹೊಲಿದು ಕೊಟ್ಟಿದ್ದಾರೆ. ಬಾಕಿ ಹಣ ಮುಂದಿನ ಎರಡು ಮದುವೆಗಳಿಂದ ಬರಬೇಕಿದೆ.