ಅಪಘಾತ ಪರಿಹಾರದ ಅರ್ಜಿ: ವಿಚಾರಣೆ ಯಾವ ಊರಿನಲ್ಲಿ?

ಪೀಣ್ಯದ ಕಾರ್ಖಾನೆಯೊಂದರ ಟೆಂಪೊ ಸರಕು ತುಂಬಿಕೊಂಡು ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ, ಅತ್ತಿಬೆಲೆಯ ಗಡಿಯಾಚೆ ಹೊಸೂರಿನಲ್ಲಿ ದ್ವಿಚಕ್ರ ವಾಹನಕ್ಕೆ ಡಿಕ್ಕಿ ಹೊಡೆಯಿತೆಂದು ಇಟ್ಟುಕೊಳ್ಳೋಣ. ಗಾಯಗೊಂಡ ವ್ಯಕ್ತಿ ಸೇಲಂ ನಿವಾಸಿ. ಕೆಲವು ತಿಂಗಳ ಬಳಿಕ ಕಾರ್ಖಾನೆಯ ಮಾಲೀಕರಿಗೆ ಸೇಲಂನ ನ್ಯಾಯಮಂಡಳಿಯಿಂದ ನೋಟಿಸು ಬರುತ್ತದೆ. ವಾಹನ ಬೆಂಗಳೂರಿನದು, ಅಪಘಾತ ನಡೆದುದು ಹೊಸೂರಿನಲ್ಲಿ; ಸೇಲಂಗೆ ಏಕೆ ಹೋಗಬೇಕು, ಪ್ರಕರಣವನ್ನು ಬೆಂಗಳೂರಿಗೆ ವರ್ಗಾಯಿಸಿಕೊಳ್ಳಲಾಗದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಗಡಿಗೆ ಸಮೀಪದಲ್ಲಿ ವ್ಯವಹಾರ ನಡೆಸುವ ಉದ್ಯಮಿಗಳು ಇದಕ್ಕೆ ಕಾನೂನಿನ ಉತ್ತರವನ್ನು ಮೊದಲೇ ತಿಳಿದಿರುವುದು ಒಳಿತು.

ಆಯ್ಕೆ ಅರ್ಜಿದಾರನದು

ಮೋಟಾರು ವಾಹನಗಳ ಕಾಯ್ದೆ, 1988ರ 166ನೇ ಪ್ರಕರಣದ ಎರಡನೇ ಉಪಪ್ರಕರಣವು ಪರಿಹಾರ ಕೋರುವವನಿಗೆ ಮೂರು ಬಗೆಯ ಸ್ಥಳಗಳಲ್ಲಿ ಆಯ್ಕೆಯನ್ನು ನೀಡಿದೆ: ಅಪಘಾತ ಸಂಭವಿಸಿದ ಸ್ಥಳ, ಅರ್ಜಿದಾರ ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಎದುರುದಾರ ವಾಸಿಸುವ ಸ್ಥಳ. 1994ರ ತಿದ್ದುಪಡಿಯಿಂದ ಈ ವಿಶಾಲ ಆಯ್ಕೆ ದೊರೆಯಿತು. ಆದ್ದರಿಂದ ಮೇಲಿನ ಉದಾಹರಣೆಯಲ್ಲಿ ಹೊಸೂರು, ಸೇಲಂ, ಬೆಂಗಳೂರು ಮೂರೂ ಕಡೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಬೆಂಗಳೂರು ನಗರದಲ್ಲಿ ಇಂತಹ ಅರ್ಜಿಗಳನ್ನು ಲಘು ವ್ಯವಹಾರಗಳ ನ್ಯಾಯಾಲಯವು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯಾಗಿ ವಿಚಾರಣೆ ಮಾಡುತ್ತದೆ.

ಈ ಆಯ್ಕೆಯನ್ನು ಸರ್ವೋಚ್ಚ ನ್ಯಾಯಾಲಯವು ಉದಾರವಾಗಿಯೇ ಅರ್ಥೈಸಿದೆ. ಪಶ್ಚಿಮ ಬಂಗಾಳದ ಹೂಗ್ಲಿಯಲ್ಲಿ ನಡೆದ ಅಪಘಾತಕ್ಕೆ ಕೋಲ್ಕತ್ತದಲ್ಲಿ ಸಲ್ಲಿಸಿದ್ದ ಅರ್ಜಿಯೊಂದರ ಬಗೆಗೆ 2016ರಲ್ಲಿ ತೀರ್ಪು ನೀಡುತ್ತ, ವಿಮಾ ಕಂಪನಿಯ ಕಚೇರಿ ಕೋಲ್ಕತ್ತದಲ್ಲಿದ್ದುದರಿಂದ ಅರ್ಜಿ ಅಲ್ಲಿ ಊರ್ಜಿತವೆಂದು ಅದು ಹೇಳಿತು. ಕಂಪನಿಗೆ ಯಾವ ಹಾನಿಯೂ ಆಗದಿರುವಾಗ ಕೇವಲ ಸ್ಥಳದ ಕಾರಣಕ್ಕೆ ಪರಿಹಾರದ ಆದೇಶವನ್ನು ರದ್ದುಗೊಳಿಸುವುದು ಸರಿಯಲ್ಲವೆಂಬುದು ಆ ತೀರ್ಪಿನ ಸಾರ.

ವರ್ಗಾವಣೆಯ ದಾರಿ

ಒಂದೇ ರಾಜ್ಯದ ಎರಡು ಊರುಗಳ ನಡುವಿನ ವರ್ಗಾವಣೆಗೆ ಹೈಕೋರ್ಟಿನ ಮೊರೆ ಹೋಗಬೇಕು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ವರ್ಗಾಯಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಪ್ರಕರಣದ ಮೇರೆಗೆ ಸರ್ವೋಚ್ಚ ನ್ಯಾಯಾಲಯಕ್ಕೆ ಸೇರಿದೆ. ಆದರೆ ವಾಹನ ಮಾಲೀಕನ ಅನುಕೂಲವೊಂದೇ ಇದಕ್ಕೆ ಸಾಲದು. ನ್ಯಾಯದ ಹಿತಕ್ಕೆ ವರ್ಗಾವಣೆ ಅಗತ್ಯವೆಂದು ತೋರಿಸಿಕೊಡಬೇಕು.

2023ರ ಜುಲೈನಲ್ಲಿ ಇತ್ಯರ್ಥವಾದ ಪ್ರಕರಣವೊಂದು ಇದಕ್ಕೆ ನಿದರ್ಶನ. ಅಪಘಾತ ನಡೆದುದು ಸಿಲಿಗುರಿಯಲ್ಲಿ. ಪರಿಹಾರದ ಅರ್ಜಿ ಸಲ್ಲಿಕೆಯಾದುದು ಉತ್ತರ ಪ್ರದೇಶದ ಫರೂಕಾಬಾದ್ ಜಿಲ್ಲೆಯಲ್ಲಿ. ಸಾಕ್ಷಿಗಳೆಲ್ಲರೂ ಸಿಲಿಗುರಿಯವರು, ಅವರಿಗೆ ಭಾಷೆಯ ತೊಡಕಾಗುತ್ತದೆ ಎಂದು ವಾಹನದ ಮಾಲೀಕರು ಡಾರ್ಜಿಲಿಂಗಿಗೆ ವರ್ಗಾವಣೆ ಕೋರಿದ್ದರು. ಕಾಯ್ದೆಯೇ ಆಯ್ಕೆಯನ್ನು ಅರ್ಜಿದಾರರಿಗೆ ಕೊಟ್ಟಿರುವಾಗ ಆಕ್ಷೇಪಣೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ಕೋರಿಕೆಯನ್ನು ತಳ್ಳಿಹಾಕಿತು. ಭಾಷೆಯ ವಾದವೂ ನಿಲ್ಲಲಿಲ್ಲ.

ಒಂದೇ ಅಪಘಾತಕ್ಕೆ ಎರಡು ರಾಜ್ಯಗಳಲ್ಲಿ ಅರ್ಜಿಗಳು ಸಲ್ಲಿಕೆಯಾಗುವುದೂ ಉಂಟು. ಮೃತನ ಪತ್ನಿ ಹೊಸೂರಿನಲ್ಲಿ, ತಂದೆತಾಯಿ ಕಲಬುರಗಿಯಲ್ಲಿ ಬೇರೆಬೇರೆಯಾಗಿ ಪರಿಹಾರ ಕೋರಿದರೆ ಮಾಲೀಕನು ಎರಡೂ ಕಡೆ ಅಲೆಯಬೇಕಾಗುತ್ತಿತ್ತು. 2022ರ ಡಿಸೆಂಬರ್ 15ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ಪರಿಹಾರ ಸೂಚಿಸಿದೆ. ಮೊದಲು ಸಲ್ಲಿಕೆಯಾದ ಅರ್ಜಿ ಅದೇ ನ್ಯಾಯಮಂಡಳಿಯಲ್ಲಿ ಮುಂದುವರಿಯಬೇಕು. ಅನಂತರದ ಅರ್ಜಿಗಳು ಅಲ್ಲಿಗೇ ವರ್ಗವಾಗಬೇಕು. ಇದಕ್ಕಾಗಿ ಅರ್ಜಿದಾರರು ದೆಹಲಿಗೆ ಹೋಗಬೇಕಿಲ್ಲ. ಆಯಾ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರೇ ಕ್ರಮ ಕೈಗೊಳ್ಳುತ್ತಾರೆ. ಬೇರೆ ಕಡೆಯ ಅರ್ಜಿಯ ವಿಷಯ ತಿಳಿದೊಡನೆ ಅದನ್ನು ನ್ಯಾಯಮಂಡಳಿಯ ಗಮನಕ್ಕೆ ತರುವುದು ಮಾಲೀಕನ ಹಿತಕ್ಕೇ ಒಳ್ಳೆಯದು.

ಗಾಯಗೊಂಡವನು ಸ್ವಂತ ನೌಕರನಾದರೆ

ವಾಹನದ ಚಾಲಕ ಅಥವಾ ಕ್ಲೀನರ್ ಕೆಲಸದ ಮೇಲಿದ್ದಾಗ ಗಾಯಗೊಂಡರೆ ಆಯ್ಕೆ ಊರಿನದಷ್ಟೇ ಅಲ್ಲ, ಕಾನೂನಿನದೂ ಹೌದು. 167ನೇ ಪ್ರಕರಣದಂತೆ ಅವನು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು, ಇಲ್ಲವೆ ನೌಕರರ ಪರಿಹಾರ ಆಯುಕ್ತರ ಮುಂದೆ ಅರ್ಜಿ ಸಲ್ಲಿಸಬಹುದು. ಎರಡೂ ಕಡೆ ಕೋರುವಂತಿಲ್ಲ. ನೌಕರರ ಪರಿಹಾರ ಕಾಯ್ದೆ, 1923ರ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದೆ. ಅಪಘಾತದ ದಿನಾಂಕವನ್ನು ನೋಡಿಕೊಂಡು ಅನ್ವಯವಾಗುವ ಕಾನೂನನ್ನು ವಕೀಲರಿಂದ ಖಚಿತಪಡಿಸಿಕೊಳ್ಳಬೇಕು.

ರಫ್ತುದಾರರಿಗೊಂದು ಮಾತು

ಅಮೆರಿಕದಲ್ಲಿ ಈ ವಿಷಯದ ಸ್ವರೂಪವೇ ಬೇರೆ. ಅಲ್ಲಿ ಪ್ರತಿ ರಾಜ್ಯಕ್ಕೆ ತನ್ನದೇ ನ್ಯಾಯಾಲಯಗಳಿದ್ದು, ಅವುಗಳ ಜೊತೆಗೆ ಫೆಡರಲ್ ನ್ಯಾಯಾಲಯಗಳೂ ಇವೆ. ಪೀಣ್ಯದಲ್ಲಿ ತಯಾರಾದ ಯಂತ್ರಭಾಗದಿಂದ ಗಾಯಗೊಂಡೆನೆಂದು ಅಲ್ಲಿನ ನಾಗರಿಕನು ರಾಜ್ಯ ನ್ಯಾಯಾಲಯದಲ್ಲಿ ಭಾರತೀಯ ತಯಾರಕನ ಮೇಲೆ ದಾವೆ ಹೂಡಿದರೆ, ದಾವೆಯ ಮೊತ್ತ 75,000 ಡಾಲರಿಗೆ ಮೀರಿದ್ದಾಗ ಪ್ರಕರಣವನ್ನು ಫೆಡರಲ್ ನ್ಯಾಯಾಲಯಕ್ಕೆ ಒಯ್ಯುವ ಅವಕಾಶ ಸಾಮಾನ್ಯವಾಗಿ ಪ್ರತಿವಾದಿಗೆ ಇರುತ್ತದೆ. ಆದರೆ ದಾವೆಯ ಪ್ರತಿ ವಿಧಿವತ್ತಾಗಿ ತಲಪಿದ 30 ದಿನಗಳೊಳಗೆ ಇದನ್ನು ಮಾಡಬೇಕು. ನಿಯಮ ತಪ್ಪಿದರೆ ಪ್ರಕರಣ ರಾಜ್ಯ ನ್ಯಾಯಾಲಯಕ್ಕೇ ಮರಳಬಹುದು. ವಿದೇಶದಿಂದ ಬಂದ ಕಾನೂನು ಪತ್ರವನ್ನು ಮೇಜಿನ ಮೇಲೆ ಬಿಟ್ಟಿರುವುದು ಅಪಾಯಕರ.

ಮಾಲೀಕರು ಮಾಡಬೇಕಾದುದು

ಸ್ಥಳದ ಬಗೆಗೆ ನಿಜವಾದ ಆಕ್ಷೇಪಣೆಯಿದ್ದರೆ ಅದನ್ನು ಮೊದಲ ಅವಕಾಶದಲ್ಲೇ, ವಿವಾದಾಂಶಗಳನ್ನು ರೂಪಿಸುವ ಮುನ್ನವೇ ಎತ್ತಬೇಕು. ತೀರ್ಪು ವ್ಯತಿರಿಕ್ತವಾದ ಮೇಲೆ ಮೇಲ್ಮನವಿಯಲ್ಲಿ ಎತ್ತಿದರೆ, ಅದರಿಂದ ನ್ಯಾಯಕ್ಕೆ ಧಕ್ಕೆಯಾಗಿದೆಯೆಂದು ತೋರಿಸದ ಹೊರತು ಫಲವಿಲ್ಲ.

ನೋಟಿಸು ಬಂದೊಡನೆ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ವಿಮಾ ಪಾಲಿಸಿ, ನೋಂದಣಿ ಪತ್ರ, ಪರ್ಮಿಟ್, ಅರ್ಹತಾ ಪತ್ರ ಹಾಗೂ ಚಾಲಕನ ಲೈಸೆನ್ಸಿನ ಪ್ರತಿಗಳನ್ನು ಒದಗಿಸಬೇಕು. ಕಂಪನಿಯ ವಕೀಲರು ಇದ್ದಾರಲ್ಲ ಎಂದು ಮಾಲೀಕರು ಗೈರುಹಾಜರಾಗುವುದು ಸಾಮಾನ್ಯವಾಗಿ ಕಾಣುವ ತಪ್ಪು. ಚಾಲಕನಿಗೆ ಸರಿಯಾದ ಲೈಸೆನ್ಸ್ ಇರಲಿಲ್ಲವೆಂಬಂತಹ ಷರತ್ತುಭಂಗ ರುಜುವಾತಾದರೆ, ಗಾಯಾಳುವಿಗೆ ಹಣ ಕೊಟ್ಟ ಕಂಪನಿಯು ಅದನ್ನು ಮಾಲೀಕನಿಂದಲೇ ವಸೂಲು ಮಾಡಲು ನ್ಯಾಯಮಂಡಳಿ ಅನುಮತಿ ನೀಡಬಹುದು. ಆ ಹಂತದಲ್ಲಿ ವಿಮಾ ಕಂಪನಿಯ ಹಿತವೂ ಮಾಲೀಕನ ಹಿತವೂ ಒಂದೇ ಆಗಿರುವುದಿಲ್ಲ. ವಿಚಾರಣೆ ಸೇಲಂನಲ್ಲಿಯೇ ನಡೆಯಲಿ, ಬೆಂಗಳೂರಿನಲ್ಲಿಯೇ ನಡೆಯಲಿ, ಲೈಸೆನ್ಸನ್ನು ಪರಿಶೀಲಿಸಿಯೇ ಚಾಲಕನನ್ನು ನೇಮಿಸಿಕೊಂಡೆವೆಂದು ದಾಖಲೆ ಸಮೇತ ಹೇಳಬಲ್ಲವರು ಮಾಲೀಕರು ಮಾತ್ರ.