ನಿಂತ ಟ್ರೆಡ್‌ಮಿಲ್: ದೋಷ ಎಲ್ಲಿದೆ?

ಮನೆಯ ಟ್ರೆಡ್‌ಮಿಲ್ ಕೆಟ್ಟು ನಿಂತರೆ ಮೋಟಾರು ಹೋಯಿತು, ಇಲ್ಲವೇ ಬೋರ್ಡು ಸುಟ್ಟಿತು ಎಂದುಕೊಳ್ಳುವುದು ವಾಡಿಕೆ. ಬೋರ್ಡು ಸುಟ್ಟಿರಲೂಬಹುದು. ಆದರೆ ಅದನ್ನು ಸುಟ್ಟ ತಪ್ಪು ಅನೇಕ ಸಲ ಇರುವುದು ಬೆಲ್ಟು ಮತ್ತು ಅದರಡಿಯ ಹಲಗೆಯ ನಡುವೆ. ಬೆಲ್ಟು ಎರಡು ರೋಲರ್‌ಗಳ ಮೇಲೆ ಸುತ್ತಿದರೂ ನಡೆಯುವವರ ಭಾರ ಬೀಳುವುದು ಹಲಗೆಯ ಮೇಲೆ. ಅಲ್ಲಿನ ಜಿಡ್ಡು ಒಣಗಿದರೆ ತಿಕ್ಕಾಟ ಹೆಚ್ಚುತ್ತದೆ, ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಬೋರ್ಡಿನಲ್ಲಿ ವೇಗ ನಿಯಂತ್ರಿಸುವ ಟ್ರಾನ್ಸಿಸ್ಟರ್ ಕಾಯುತ್ತದೆ. ತಿಕ್ಕಾಟ ಸರಿಪಡಿಸದೆ ಹೊಸ ಬೋರ್ಡು ಹಾಕಿಸಿದರೆ ಅದಕ್ಕೂ ಅದೇ ಗತಿ.

ಯಂತ್ರಕ್ಕೆ ಜೀವವೇ ಇಲ್ಲದಿದ್ದರೆ ಮೊದಲು ನೋಡಬೇಕಾದದ್ದು ಸೇಫ್ಟಿ ಕೀ, ಗೋಡೆಯ ಸಾಕೆಟ್ ಮತ್ತು ವಯರು ಯಂತ್ರದೊಳಗೆ ಹೋಗುವ ಕಡೆ ಇರುವ ರೀಸೆಟ್ ಗುಂಡಿ. ಮುಚ್ಚಳ ಬಿಚ್ಚುವ ಮುನ್ನ ಪ್ಲಗ್ಗು ಕಿತ್ತು ಕೆಲವು ನಿಮಿಷ ಕಾಯಲೇಬೇಕು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಒಳಗೆ ಧೂಳು, ಕೂದಲು, ಇಲಿ ಕಚ್ಚಿದ ವಯರು ಕಂಡರೆ ಅಚ್ಚರಿಯಿಲ್ಲ. ಒದ್ದೆ ಬಟ್ಟೆ ಹರವಲು ಬಳಕೆಯಾದ ಯಂತ್ರವಾದರೆ ಗುಂಡಿಗಳ ಫಲಕಕ್ಕೂ ತೇವ ಇಳಿದಿರುತ್ತದೆ.

ಪ್ಲಗ್ಗು ಕಿತ್ತಿರುವಾಗಲೇ ಬೆಲ್ಟಿನಡಿ ಕೈ ತೂರಿಸಿ ಹಲಗೆ ಮುಟ್ಟಿ ನೋಡಬೇಕು. ಬೆರಳಿಗೆ ಜಿಡ್ಡು ಹತ್ತದಿದ್ದರೆ ಸಿಲಿಕೋನ್ ಎಣ್ಣೆ ಹಾಕುವ ಕಾಲ ಬಂದಿದೆ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಇಲ್ಲಿ ನಡೆಯದು; ಅವು ಧೂಳು ಹಿಡಿಯುತ್ತವೆ, ಕೆಲವು ಬೆಲ್ಟನ್ನೇ ಹಾಳುಮಾಡುತ್ತವೆ. ಮೇಣ ಹಚ್ಚಿದ ಹಲಗೆಗಳೂ ಇರುವುದರಿಂದ ಕೈಪಿಡಿ ನೋಡಿ ಮುಂದುವರಿಯುವುದು ಲೇಸು.

ಹೆಜ್ಜೆ ಇಟ್ಟಾಗ ಬೆಲ್ಟು ತಡೆದು ನಿಂತರೆ ಎರಡು ಕಾರಣಗಳಿರಬಹುದು. ಮುಂದಿನ ರೋಲರ್ ತಿರುಗುತ್ತಿದ್ದು ಬೆಲ್ಟು ಮಾತ್ರ ನಿಂತರೆ ಬೆಲ್ಟು ಸಡಿಲ. ಮೋಟಾರು ತಿರುಗುತ್ತಿದ್ದು ರೋಲರೇ ನಿಂತರೆ ಮೋಟಾರಿನಿಂದ ರೋಲರ್‌ಗೆ ಹಾಯುವ ಚಿಕ್ಕ ಬೆಲ್ಟು ಸವೆದಿದೆ. ಮೊದಲನೆಯದಕ್ಕೆ ಮದ್ದು ಹಿಂಬದಿಯ ಎರಡು ಬೋಲ್ಟುಗಳು: ಅಲೆನ್ ಕೀಯಿಂದ ಎರಡನ್ನೂ ಸಮವಾಗಿ ಕಾಲು ಸುತ್ತು ಬಿಗಿದು ಮತ್ತೆ ನೋಡಬೇಕು. ಬಹಳಷ್ಟು ಯಂತ್ರಗಳಲ್ಲಿ ಬೆಲ್ಟಿನ ಅಂಚು ನಡುಮಧ್ಯೆ ಎರಡು ಮೂರು ಇಂಚು ಮೇಲೇಳುವಷ್ಟು ಸಡಿಲ ಇರಬೇಕು. ಅತಿಯಾಗಿ ಬಿಗಿದರೆ ಬೇರಿಂಗ್ ಹೋಗುತ್ತದೆ. ಬೆಲ್ಟು ಎಡಕ್ಕೆ ಸರಿಯುತ್ತಿದ್ದರೆ ಎಡ ಬೋಲ್ಟನ್ನು, ಬಲಕ್ಕೆ ಸರಿಯುತ್ತಿದ್ದರೆ ಬಲ ಬೋಲ್ಟನ್ನು ಅಷ್ಟೇ ಬಿಗಿದು ನಿಧಾನ ವೇಗದಲ್ಲಿ ಓಡಿಸಿ ನೋಡಬೇಕು. ಇಲ್ಲಿ ಅವಸರ ಮಾಡಿದವರೇ ಬೆಲ್ಟಿನ ಅಂಚು ಹರಿದುಕೊಳ್ಳುತ್ತಾರೆ.

ಶುರುವಾಗಿ ಕೆಲವೇ ಸೆಕೆಂಡಿನಲ್ಲಿ ದೋಷಸಂಖ್ಯೆ ತೋರಿಸಿ ನಿಲ್ಲುವ ಯಂತ್ರದಲ್ಲಿ ವೇಗದ ಸೆನ್ಸರ್ ಮೇಲೆ ಅನುಮಾನ ಪಡಬೇಕು. ರೋಲರಿನ ಪುಲ್ಲಿಯಲ್ಲಿ ಕೂರಿಸಿದ ಅಯಸ್ಕಾಂತ ಉದುರಿದರೆ ಅಥವಾ ಸೆನ್ಸರ್ ದೂರ ಸರಿದರೆ ಬೋರ್ಡಿಗೆ ವೇಗ ತಿಳಿಯದು. ಅಪಾಯ ಬೇಡವೆಂದು ಅದು ಮೋಟಾರನ್ನೇ ನಿಲ್ಲಿಸುತ್ತದೆ. ಡಿಸಿ ಮೋಟಾರು ಜಗ್ಗುತ್ತ, ಕಿಡಿ ಹಾರಿಸುತ್ತ ಓಡಿದರೆ ಕಾರ್ಬನ್ ಬ್ರಷ್ ಸವೆದಿದೆ ಎಂದರ್ಥ. ಹಳೆಯದನ್ನು ಅಳತೆಗೆ ಒಯ್ದರೆ ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ಹೊಂದುವ ಜೋಡಿ ಸಿಗುವುದುಂಟು. ಎರಡನ್ನೂ ಒಟ್ಟಿಗೇ ಬದಲಿಸಬೇಕು.

ವ್ಯಾಯಾಮದ ಸೈಕಲ್ಲಿನ ರಿಪೇರಿ ಇದಕ್ಕಿಂತ ಸುಲಭ. ಪರದೆ ಆರಿದರೆ ಹಲವು ಮಾದರಿಗಳಲ್ಲಿ ಸೆಲ್ಲು ಬದಲಿಸಿದರೆ ಸಾಕು, ಟಕ್ ಟಕ್ ಸದ್ದಿಗೆ ಕ್ರ್ಯಾಂಕಿನ ನಟ್ಟು ಬಿಗಿದರೆ ಸಾಕು. ಎಡ ಪೆಡಲಿನ ಮರೆ ಮಾತ್ರ ಉಲ್ಟಾ: ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು.

ಸುಟ್ಟ ಬೋರ್ಡು ಮನೆಯಲ್ಲಿ ಕೈಹಾಕುವ ಕೆಲಸವಲ್ಲ. ಮಾದರಿ ಮಾರುಕಟ್ಟೆಯಿಂದ ಮರೆಯಾಗಿದ್ದರೆ ಹೊಸದು ಸಿಗುವುದೂ ಕಷ್ಟ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಬದಲಿಸಿಕೊಡುವವರನ್ನು ಹುಡುಕಬೇಕಾಗುತ್ತದೆ. ಹಲಗೆ ನೀರು ಕುಡಿದು ಉಬ್ಬಿದ್ದರೆ ಹಲಗೆ ಬದಲಿಸಬಹುದು. ಚೌಕಟ್ಟೇ ಬಿರುಕುಬಿಟ್ಟಿದ್ದರೆ ವೆಲ್ಡಿಂಗ್ ನೆಚ್ಚಿಕೊಳ್ಳದೆ ಗುಜರಿಗೆ ಹಾಕುವುದೇ ಸರಿ.